ಲುಕ್‌ಔಟ್ ನೋಟಿಸ್ ಅಂದ್ರೆ ಅರೆಸ್ಟ್ ವಾರಂಟ್ ಅಲ್ಲ ಮಾರಾಯ್ರೇ

ನಮ್ಮ ಶಿವಮೊಗ್ಗ ಜಿಲ್ಲೆಯಲ್ಲಿ ಯಾವುದಾದರೂ ವಂಚನೆ ಕೇಸ್ ದೊಡ್ಡದಾದರೆ ಸಾಕು, ‘ಲುಕ್‌ಔಟ್ ನೋಟಿಸ್ ಕೊಟ್ಟಾಯ್ತು, ಇನ್ನು ಆಗುಂಬೆ ಘಾಟಿ ಇಳಿಯೋಕೂ ಆಗಲ್ಲ ಅವನಿಗೆ’ ಅಂತ ವಾಟ್ಸಾಪ್‌ನಲ್ಲಿ ಶುರು. ದೇಶ ದಾಟುವವರ ಮೇಲೆ ಕಣ್ಣಿಡಲು ಇರುವ ಆ ನೋಟಿಸ್ ಒಂದರಿಂದಲೇ ಘಾಟಿಯಲ್ಲಿ ಯಾರೂ ತಡೆಯುವುದಿಲ್ಲ. ಸೋಗಾನೆಯಲ್ಲಿ 2023ರಲ್ಲಿ ಶುರುವಾದ ನಮ್ಮ ಏರ್‌ಪೋರ್ಟ್‌ಗೆ ದೇಶದೊಳಗಿನ ವಿಮಾನಗಳಷ್ಟೇ ಬರುವುದು, ಅಲ್ಲಿ ಪಾಸ್‌ಪೋರ್ಟ್ ನೋಡುವವರೇ ಇಲ್ಲ. ಸಿಕ್ಕಿಬೀಳುವುದು ಬೆಂಗಳೂರು, ಮಂಗಳೂರಿನಂಥ ಕಡೆ, ಇಮಿಗ್ರೇಷನ್ ಕೌಂಟರ್‌ನಲ್ಲಿ.

ಅದರ ಹೆಸರು ಲುಕ್‌ಔಟ್ ಸರ್ಕ್ಯುಲರ್. ಆರೋಪಿಗೆ ಬರುವ ಪತ್ರವೇ ಅಲ್ಲ. ಎಸ್ಪಿ ದರ್ಜೆಯ ಅಧಿಕಾರಿ ಒಪ್ಪಿ ಬರೆದರೆ ಹೆಸರು, ಪಾಸ್‌ಪೋರ್ಟ್ ನಂಬರ್ ಬ್ಯೂರೋ ಆಫ್ ಇಮಿಗ್ರೇಷನ್‌ನ ಕಂಪ್ಯೂಟರ್ ಸೇರುತ್ತದೆ. ವರದಕ್ಷಿಣೆ ಕೇಸ್ ಬಿದ್ದಿರುವ ಅಮೆರಿಕದ ಅಳಿಯ ತೀರ್ಥಹಳ್ಳಿಗೆ ಬಂದು, ಹಬ್ಬ ಮುಗಿಸಿ, ಅಪ್ಪೆಮಿಡಿ ಉಪ್ಪಿನಕಾಯಿ ಕಟ್ಟಿಸಿಕೊಂಡು ಹೊರಟು, ಕೌಂಟರ್‌ನಲ್ಲಿ ‘ಸ್ವಲ್ಪ ಪಕ್ಕಕ್ಕೆ ಬನ್ನಿ ಸರ್’ ಅಂದಾಗಲೇ ವಿಷಯ ಗೊತ್ತಾಗುವುದು ಹೀಗೆ. ಬೇರೆ ದೇಶಗಳ ಪೊಲೀಸರಿಂದ ಒಬ್ಬರ ಸುಳಿವು ಕೇಳುವ ಬ್ಲೂ ಕಾರ್ನರ್ ನೋಟಿಸ್ ಇಂಟರ್‌ಪೋಲ್‌ನದ್ದು, ಅದನ್ನು ಇದಕ್ಕೆ ಗಂಟುಹಾಕಬೇಡಿ.

ನನಗೆ ತಲೆಕೆಡುವುದು ಇನ್ನೊಂದಕ್ಕೆ. ಸರ್ಕ್ಯುಲರ್ ಇದೆ ಅಂದಮೇಲೆ ತಡೆಯಲೇಬೇಕು ಎಂದುಕೊಳ್ಳುತ್ತಾರಲ್ಲ, ಹಾಗಿಲ್ಲ. ‘ಹಿಡಿದಿಡಿ’ ಅಂತಲೂ ಕೇಳಬಹುದು, ‘ಬಂದುಹೋದರೆ ತಿಳಿಸಿ’ ಅಂತಲೂ ಕೇಳಬಹುದು. ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧ ಇಲ್ಲದಿದ್ದರೆ ಸಾಮಾನ್ಯವಾಗಿ ಎರಡನೆಯದಷ್ಟೇ. ವಿಜಯ್ ಮಲ್ಯ ಕಥೆ ನೋಡಿ. 2015ರ ಅಕ್ಟೋಬರ್‌ನಲ್ಲಿ ಸಿಬಿಐ ಹಿಡಿದಿಡಲು ಕೇಳಿತ್ತು. ನವೆಂಬರ್‌ನಲ್ಲಿ ಅದನ್ನೇ ‘ತಿಳಿಸಿದರೆ ಸಾಕು’ ಎಂದು ಬದಲಿಸಿತು. 2016ರ ಮಾರ್ಚ್ 2ರಂದು ಮಲ್ಯ ದೇಶ ಬಿಟ್ಟು ಹೊರಟರು. ‘ಲುಕ್‌ಔಟ್ ಇದ್ದರೂ ಬಿಟ್ಟರು’ ಅಂತ ಇವತ್ತಿಗೂ ಬೈಯುವವರು ಕೌಂಟರ್‌ನವರನ್ನು ಬೈದು ಏನು ಪ್ರಯೋಜನ? ಬದಲಿಸಿದ್ದು ಅಂದಾಜಿನ ತಪ್ಪು ಅಂತ ಸಿಬಿಐಯೇ ಆಮೇಲೆ ಹೇಳಿತು.

ಸಾಲ ಕಟ್ಟದಿದ್ದರೆ ಬ್ಯಾಂಕಿನವರೇ ಹಾಕಿಸುತ್ತಾರೆ ಎಂಬುದೂ ಅರ್ಧ ಹಳೆಯ ಮಾತು. ಸರ್ಕಾರಿ ಬ್ಯಾಂಕ್‌ಗಳ ಮುಖ್ಯಸ್ಥರಿಗೆ 2018ರಲ್ಲಿ ಕೊಟ್ಟಿದ್ದ ಆ ಅಧಿಕಾರವನ್ನು ಬಾಂಬೆ ಹೈಕೋರ್ಟ್ 2024ರಲ್ಲಿ ತೆಗೆದುಹಾಕಿತು.

ಮೊದಲು ಲುಕ್‌ಔಟ್ ಸರ್ಕ್ಯುಲರ್‌ಗೆ ಒಂದು ವರ್ಷದ ಗಡುವಿತ್ತು. 2021ರ ನಿಯಮದ ಪ್ರಕಾರ ಹಾಕಿಸಿದವರೇ ತೆಗೆಸುವವರೆಗೆ ಇರುತ್ತದೆ. ಕೇಸ್ ರದ್ದಾಯಿತು, ರಾಜಿಯಾಯಿತು ಅಂತ ಸುಮ್ನೆ ಟಿಕೆಟ್ ಬುಕ್ ಮಾಡಬೇಡಿ. ಮೊದಲು ಆದೇಶದ ಪ್ರತಿ ಹಿಡಿದುಕೊಂಡು ಎಸ್ಪಿ ಕಚೇರಿಗೆ ಹೋಗಿ, ಹೆಸರು ತೆಗೆಯಲು ಬರೆದಿದ್ದಾರಾ ಅಂತ ಕೇಳಿ.