ನಗರ, ಕೆಲಸ ಮತ್ತು ಅವಕಾಶ: ಬೆಂಗಳೂರನ್ನು ಮುಂದಿಟ್ಟುಕೊಂಡು ಒಂದು ಅಧ್ಯಯನ ಟಿಪ್ಪಣಿ

ಜನಗಣತಿಯು ಒಂದು ಊರನ್ನು ಪಟ್ಟಣವೆಂದು ಹೇಗೆ ಗುರುತಿಸುತ್ತದೆ ಎಂಬುದರಿಂದ ಈ ವಿಷಯವನ್ನು ಆರಂಭಿಸುವುದು ಅನುಕೂಲ. ಪುರಸಭೆ, ನಗರಸಭೆಗಳಿರುವ ಊರುಗಳು ಹೇಗೂ ಪಟ್ಟಣಗಳೇ. ಅವುಗಳನ್ನು ಬಿಟ್ಟರೆ, ಕನಿಷ್ಠ 5,000 ಜನಸಂಖ್ಯೆ ಇರಬೇಕು, ಚದರ ಕಿಲೋಮೀಟರಿಗೆ ಕನಿಷ್ಠ 400 ಜನರಿರಬೇಕು, ಮತ್ತು ದುಡಿಯುವ ಗಂಡಸರಲ್ಲಿ ಶೇ. 75ರಷ್ಟಾದರೂ ಬೇಸಾಯದ ಹೊರಗಿನ ಕೆಲಸದಲ್ಲಿರಬೇಕು. ಈ ಲೆಕ್ಕದಲ್ಲಿ 2011ರ ಹೊತ್ತಿಗೆ ಭಾರತದ ಶೇ. 31ರಷ್ಟು, ಕರ್ನಾಟಕದ ಶೇ. 38ಕ್ಕೂ ಹೆಚ್ಚು ಜನ ನಗರವಾಸಿಗಳಾಗಿದ್ದರು. ಊರಿನ ಗಾತ್ರದಷ್ಟೇ ಅಲ್ಲಿನ ಕೆಲಸದ ಬಗೆಯೂ ವ್ಯಾಖ್ಯೆಯಲ್ಲಿ ಮುಖ್ಯವಾಗಿದೆ ಎಂಬುದನ್ನು ಗಮನಿಸಬೇಕು. ಎಣಿಕೆಗೆ ಸಿಗುವುದು ಗಂಡಸರ ಕೆಲಸ ಮಾತ್ರ ಎಂಬುದನ್ನೂ ಗಮನಿಸಬೇಕು, ಏಕೆಂದರೆ ಬೆಂಗಳೂರಿನ ಕಥೆಯ ದೊಡ್ಡ ಭಾಗ ಹೆಂಗಸರ ದುಡಿಮೆಯದು.

ನಗರಕ್ಕೆ ಬಂದವರ ಜಾತಿಬಂಧ ಸಡಿಲಗೊಳ್ಳುತ್ತದೆ, ಅವಿಭಕ್ತ ಕುಟುಂಬ ಒಡೆಯುತ್ತದೆ, ಅವಕಾಶಗಳು ತೆರೆದುಕೊಳ್ಳುತ್ತವೆ ಎಂದು ನಾವೆಲ್ಲ ಉತ್ತರ ಪತ್ರಿಕೆಯಲ್ಲಿ ಬರೆಯುತ್ತೇವೆ. ಇದು ಸುಳ್ಳಲ್ಲ, ಆದರೆ ಅರ್ಧ ಮಾತು. ನಗರವೆಂಬುದು ತಾನಾಗಿಯೇ ಯಾರನ್ನೂ ಮೇಲೆತ್ತುವುದಿಲ್ಲ. ಅಲ್ಲಿಗೆ ಯಾವ ಬಗೆಯ ಕೆಲಸ ಬಂತು, ಅದು ಕಾಯಂ ಕೆಲಸವೋ ಗುತ್ತಿಗೆಯದೋ, ಕೆಲಸದ ಜೊತೆಗೆ ಮನೆ, ಶಾಲೆ, ಬಸ್ಸುಗಳು ದೊರೆತವೋ ಇಲ್ಲವೋ ಎಂಬುದರ ಮೇಲೆ ಸಾಮಾಜಿಕ ಬದಲಾವಣೆಯ ದಿಕ್ಕು ನಿರ್ಧಾರವಾಗುತ್ತದೆ. ಬೆಂಗಳೂರಿಗೆ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಕೆಲಸಗಳು ಬಂದಿರುವುದರಿಂದ ಈ ಮಾತನ್ನು ಅಲ್ಲಿ ಪರೀಕ್ಷಿಸಿ ನೋಡಬಹುದು.

ಮೊದಲಿಗೆ, ಹಳ್ಳಿಯಿಂದ ಬಂದ ಹುಡುಗನಿಗೆ ನಗರದಲ್ಲಿ ಕಾಲೂರಲು ಜಾಗ ಸಿಕ್ಕಿದ್ದು ಹೇಗೆ? ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹಳೆಯ ಮೈಸೂರು ಸಂಸ್ಥಾನದ ಸರ್ಕಾರಿ ಹುದ್ದೆಗಳಲ್ಲಿ ಬ್ರಾಹ್ಮಣರೇ ಬಹುಸಂಖ್ಯೆಯಲ್ಲಿದ್ದರು. 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿಯು ಉಳಿದ ಸಮುದಾಯಗಳಿಗೆ ಹುದ್ದೆಗಳಲ್ಲಿ ಪಾಲು ದೊರೆಯಬೇಕೆಂದು ಶಿಫಾರಸು ಮಾಡಿತು. ಆದರೆ ಹುದ್ದೆಗೆ ಬೇಕಾದ ಓದು ನಗರದಲ್ಲಿತ್ತು, ನಗರದಲ್ಲಿ ಓದಲು ಅನ್ನ ಮತ್ತು ಸೂರು ಬೇಕಿತ್ತು. ಈ ಕೊರತೆಯನ್ನು ತುಂಬಿದ್ದು ಸಮುದಾಯಗಳ ವಿದ್ಯಾರ್ಥಿನಿಲಯಗಳು. 1906ರಲ್ಲಿ ಒಕ್ಕಲಿಗರ ಸಂಘ ಹುಟ್ಟಿತು. ರೈಲು ನಿಲ್ದಾಣದ ಸಮೀಪ ಲಿಂಗಾಯತ ದಾನಿ ಗುಬ್ಬಿ ತೋಟದಪ್ಪನವರು ಕಟ್ಟಿಸಿದ ಛತ್ರ ಪ್ರಯಾಣಿಕರಿಗೆ ತಂಗಲು ಜಾಗ ಕೊಟ್ಟರೆ, ಅವರ ಧರ್ಮಸಂಸ್ಥೆಯ ವಿದ್ಯಾರ್ಥಿನಿಲಯ ಹಳ್ಳಿಯ ಹುಡುಗರಿಗೆ ಊಟ ಹಾಕಿತು. ಜಾತಿಯನ್ನು ಕರಗಿಸುತ್ತದೆಂದು ನಾವು ಹೇಳುವ ನಗರದ ಬಾಗಿಲನ್ನು ಹಲವರಿಗೆ ತೆರೆದದ್ದು ಜಾತಿಯ ಸಂಘಟನೆಯೇ ಎಂಬ ಈ ವಿರೋಧಾಭಾಸವನ್ನು ಪಠ್ಯಗಳು ಸಾಮಾನ್ಯವಾಗಿ ಬೇಗ ದಾಟಿಬಿಡುತ್ತವೆ. ಅಂಥ ಶ್ರೀಮಂತ ದಾನಿಗಳಾಗಲಿ ಸಂಘಗಳಾಗಲಿ ಇಲ್ಲದ ಸಮುದಾಯಗಳು ಆ ಬಾಗಿಲಿನ ಹೊರಗೆ ಇನ್ನೂ ಬಹಳ ಕಾಲ ಕಾಯಬೇಕಾಯಿತು.

ಎರಡನೆಯ ಅಲೆ ಕಾರ್ಖಾನೆಗಳದು. 1940ರಲ್ಲಿ ವಿಮಾನಗಳ ಎಚ್‌ಎಎಲ್, 1948ರಲ್ಲಿ ದೂರವಾಣಿಗಳ ಐಟಿಐ, 1953ರಲ್ಲಿ ಯಂತ್ರೋಪಕರಣಗಳ (ಮುಂದೆ ಕೈಗಡಿಯಾರಗಳದೂ) ಎಚ್‌ಎಂಟಿ, 1954ರಲ್ಲಿ ಎಲೆಕ್ಟ್ರಾನಿಕ್ ಉಪಕರಣಗಳ ಬಿಇಎಲ್, 1964ರಲ್ಲಿ ಭಾರಿ ಯಂತ್ರಗಳ ಬಿಇಎಂಎಲ್ ಹೀಗೆ ಒಂದರ ಹಿಂದೆ ಒಂದು ಬಂದವು. 1941ರಲ್ಲಿ ಪೇಟೆ ಮತ್ತು ದಂಡು ಪ್ರದೇಶ ಸೇರಿ ನಾಲ್ಕು ಲಕ್ಷದಷ್ಟಿದ್ದ ಬೆಂಗಳೂರಿನ ಜನಸಂಖ್ಯೆ 1951ಕ್ಕೆ ಎಂಟು ಲಕ್ಷದ ಹತ್ತಿರ ತಲುಪಿತು. ಈ ಕಾರ್ಖಾನೆಗಳು ಸಂಬಳವನ್ನಷ್ಟೇ ಕೊಡಲಿಲ್ಲ. ಕಾಲೊನಿಯ ಮನೆ, ಕಾರ್ಖಾನೆಯ ಬಸ್ಸು, ಕ್ಯಾಂಟೀನು, ಆಸ್ಪತ್ರೆ, ಮಕ್ಕಳಿಗೆ ಶಾಲೆ, ನಿವೃತ್ತಿಯಾದಾಗ ಕೈಗೆ ಬರುವ ಇಡಿಗಂಟು, ಇವೆಲ್ಲ ಕೆಲಸದ ಭಾಗವಾಗಿದ್ದವು. ಫಿಟ್ಟರನ ಮಗ ಎಂಜಿನಿಯರ್ ಆದ ಕಥೆಗಳು ಜಾಲಹಳ್ಳಿ, ದೂರವಾಣಿನಗರದಂಥ ಕಡೆ ಇಷ್ಟೊಂದು ಸಿಗುವುದಕ್ಕೆ ಕಾರಣ ಈ ಒಟ್ಟು ವ್ಯವಸ್ಥೆ. ದೂರವಾಣಿ ಮತ್ತು ಕೈಗಡಿಯಾರಗಳ ಜೋಡಣೆಯ ಕೆಲಸಕ್ಕೆ ಹೆಂಗಸರನ್ನು ತೆಗೆದುಕೊಂಡಿದ್ದರಿಂದ, ಮಧ್ಯಮ ವರ್ಗದ ಮನೆಗಳಲ್ಲಿ ಸೊಸೆ ಸಮವಸ್ತ್ರ ತೊಟ್ಟು ಬಸ್ಸು ಹತ್ತುವುದು ಗೌರವದ ಸಂಗತಿಯಾಯಿತು.

ಸಂಘಟನೆಯ ಬಲವೂ ಇಲ್ಲಿಂದಲೇ ಬಂತು. ವೇತನ ಸಮಾನತೆಗಾಗಿ 1980ರ ಡಿಸೆಂಬರಿನಲ್ಲಿ ಆರಂಭವಾದ ಸಾರ್ವಜನಿಕ ಉದ್ದಿಮೆಗಳ, ಅಂದರೆ ಇಂಥ ಸರ್ಕಾರಿ ಒಡೆತನದ ಕಾರ್ಖಾನೆಗಳ ಮುಷ್ಕರ 77 ದಿನ ನಡೆಯಿತು. ಕಾಯಂ ಕೆಲಸ ಇದ್ದವರಿಗೆ ಮಾತ್ರ ಅಷ್ಟು ದಿನ ಸಂಬಳವಿಲ್ಲದೆ ತಡೆದುಕೊಳ್ಳುವ ಧೈರ್ಯ ಬರುತ್ತದೆ ಎಂಬುದು ನನ್ನ ಅಭಿಪ್ರಾಯ.

ಈಗ ಸಿದ್ಧ ಉಡುಪಿನ ಕಾರ್ಖಾನೆಗಳಿಗೆ, ಅಂದರೆ ಜನ ಸರಳವಾಗಿ ‘ಗಾರ್ಮೆಂಟ್ಸ್’ ಎನ್ನುವ ಲೋಕಕ್ಕೆ ಬರೋಣ. ಪೀಣ್ಯ, ಮೈಸೂರು ರಸ್ತೆ, ಹೊಸೂರು ರಸ್ತೆಗಳ ಉದ್ದಕ್ಕೂ ಹಬ್ಬಿರುವ ಈ ಉದ್ಯಮದಲ್ಲಿ ದುಡಿಯುವವರಲ್ಲಿ ಹೆಂಗಸರೇ ಬಹುಪಾಲು. ಹೊಸದಾಗಿ ಸೇರಿದವಳು ಹೆಲ್ಪರ್. ದಾರ ಕತ್ತರಿಸುವುದು, ಬಟ್ಟೆಯ ತುಂಡುಗಳನ್ನು ಹೊಂದಿಸಿಕೊಡುವುದು ಅವಳ ಕೆಲಸ. ಮುಂದೆ ಟೈಲರ್ ಆದರೆ ಒಂದು ಲೈನಿನಲ್ಲಿ ಕೂತು ದಿನವಿಡೀ ಕಾಲರನ್ನೋ ತೋಳನ್ನೋ ಮಾತ್ರ ಹೊಲಿಯುತ್ತಾಳೆ. ಗಂಟೆಗೆ ಇಷ್ಟು ಪೀಸು ಎಂಬ ಟಾರ್ಗೆಟ್ ಇರುತ್ತದೆ. ಅದು ಮುಗಿಯದಿದ್ದರೆ ಸೂಪರ್‌ವೈಸರನ ಬೈಗುಳ, ಊಟದ ಬಿಡುವಿಗೆ ಕತ್ತರಿ. ಇಡೀ ಅಂಗಿಯನ್ನು ಹೊಲಿಯಲು ಅವಳು ಕಲಿಯುವುದೇ ಇಲ್ಲ. ಆದ್ದರಿಂದ ಹತ್ತು ವರ್ಷ ದುಡಿದರೂ ಅವಳ ಸಂಬಳ ನಿನ್ನೆ ಸೇರಿದವಳ ಸಂಬಳಕ್ಕಿಂತ ಹೆಚ್ಚು ಮೇಲೇರುವುದಿಲ್ಲ.

ಹಾಗಾದರೆ ಇಲ್ಲಿ ಬದಲಾವಣೆ ಏನೂ ಇಲ್ಲವೆ? ಇದೆ. ಊರಿನಲ್ಲಿ ಕೂಲಿಯ ದುಡ್ಡು ಗಂಡನ ಕೈಗೋ ಮಾವನ ಕೈಗೋ ಹೋಗುತ್ತಿದ್ದವಳಿಗೆ ಇಲ್ಲಿ ತನ್ನ ಹೆಸರಿನ ಬ್ಯಾಂಕ್ ಖಾತೆ, ಚಿಕಿತ್ಸೆಗೆ ಇಎಸ್‌ಐ ಕಾರ್ಡು, ತನ್ನ ಮತ್ತು ಮಾಲೀಕರ ಪಾಲು ತಿಂಗಳು ತಿಂಗಳು ಸೇರುವ ಭವಿಷ್ಯ ನಿಧಿಯ (ಪಿಎಫ್) ಸಂಖ್ಯೆ ದೊರೆತವು. ಇವುಗಳಲ್ಲಿ ಪಿಎಫ್‌ನ ಮಹತ್ವವನ್ನು ಸ್ವಲ್ಪ ಬಿಡಿಸಿ ನೋಡಬೇಕು. ವಠಾರದ ಒಂದು ಕೋಣೆಯ ಮನೆ ಹಿಡಿಯಲು ಹಲವು ತಿಂಗಳ ಬಾಡಿಗೆಯಷ್ಟು ಅಡ್ವಾನ್ಸ್ ಕೊಡಬೇಕು. ಮಗಳ ಕಾಲೇಜು ಶುಲ್ಕ, ಊರಿನ ಕೈಸಾಲ, ಮದುವೆ ಇವುಗಳಿಗೆ ತಿಂಗಳ ಸಂಬಳದಲ್ಲಿ ಉಳಿಸಲು ಸಾಧ್ಯವೇ ಇಲ್ಲ. ಆದ್ದರಿಂದ ಕೆಲವು ವರ್ಷ ದುಡಿದು, ಕೆಲಸ ಬಿಟ್ಟು, ಪಿಎಫ್ ದುಡ್ಡು ತೆಗೆದುಕೊಂಡು, ಬೇರೆ ಕಾರ್ಖಾನೆಗೆ ಹೆಲ್ಪರ್ ಅಥವಾ ಟೈಲರ್ ಆಗಿ ಮತ್ತೆ ಸೇರುವುದು ಇಲ್ಲಿನ ಸಾಮಾನ್ಯ ರೂಢಿ. ಸರ್ಕಾರ ಪಿಎಫ್ ಹಣವನ್ನು ಮುಪ್ಪಿನ ಉಳಿತಾಯವೆಂದು ನೋಡಿದರೆ, ಈ ಹೆಂಗಸರಿಗೆ ಅದು ನಡುವಯಸ್ಸಿನ ಏಕೈಕ ಬಂಡವಾಳ.

2016ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವು ಪಿಎಫ್‌ನಲ್ಲಿರುವ ಮಾಲೀಕರ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂಬ ಅಧಿಸೂಚನೆ ಹೊರಡಿಸಿದಾಗ ಅದರ ಬಿಸಿ ಎಲ್ಲರಿಗಿಂತ ಮೊದಲು ತಟ್ಟಿದ್ದು ಇವರಿಗೆ. ಏಪ್ರಿಲ್ 18 ಮತ್ತು 19ರಂದು ಸಾವಿರಾರು ಹೆಂಗಸರು ಕಾರ್ಖಾನೆಗಳಿಂದ ಹೊರಬಂದು ಹೊಸೂರು ರಸ್ತೆಯಂಥ ಹೆದ್ದಾರಿಗಳಲ್ಲಿ ಕೂತರು. ಯಾವ ದೊಡ್ಡ ಕಾರ್ಮಿಕ ಸಂಘವೂ ಮುಂದೆ ನಿಂತು ಕರೆ ಕೊಟ್ಟಿರಲಿಲ್ಲ. ಕಲ್ಲುತೂರಾಟ, ಬೆಂಕಿ, ಲಾಠಿ ಪ್ರಹಾರಗಳೂ ನಡೆದವು. ಎರಡನೆಯ ದಿನವೇ ಕೇಂದ್ರವು ಅಧಿಸೂಚನೆಯನ್ನು ಹಿಂದಕ್ಕೆ ಪಡೆಯಿತು. ಇಲ್ಲಿ ನಗರ ಮಾಡಿದ ಕೆಲಸವನ್ನು ಸ್ಪಷ್ಟವಾಗಿ ಗುರುತಿಸಬಹುದು: ಒಂದೇ ರಸ್ತೆಯ ಮೇಲೆ ಸಾಲಾಗಿ ಕಾರ್ಖಾನೆಗಳು, ಒಂದೇ ವಠಾರದಲ್ಲಿ ಬೇರೆ ಬೇರೆ ಕಾರ್ಖಾನೆಯವರು, ಎಲ್ಲರಿಗೂ ಒಂದೇ ಚಿಂತೆ. ಇದೇ ಹೆಂಗಸರು ತಮ್ಮ ತಮ್ಮ ಹಳ್ಳಿಗಳಲ್ಲಿ ಚದುರಿ ಇದ್ದಿದ್ದರೆ ಆ ಸಿಟ್ಟು ಎರಡು ದಿನದಲ್ಲಿ ದೆಹಲಿಯನ್ನು ಮುಟ್ಟುತ್ತಿರಲಿಲ್ಲ.

ಮಾಹಿತಿ ತಂತ್ರಜ್ಞಾನದ ಕಥೆ ಎಲ್ಲರಿಗೂ ಗೊತ್ತಿರುವುದರಿಂದ ಚಿಕ್ಕದಾಗಿ ಹೇಳುತ್ತೇನೆ. 1970ರ ದಶಕದ ಕೊನೆಯಲ್ಲಿ ರಾಜ್ಯ ಸರ್ಕಾರದ ಸಂಸ್ಥೆಯಾದ ಕಿಯೋನಿಕ್ಸ್ ಎಲೆಕ್ಟ್ರಾನಿಕ್ ಸಿಟಿಯನ್ನು ರೂಪಿಸಿತು, 1985ರಲ್ಲಿ ಅಮೆರಿಕದ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂತು, ಆಮೇಲಿನದು ಇತಿಹಾಸ. ಹಳೆಯ ಕಾರ್ಖಾನೆಯೊಂದಿಗೆ ಹೋಲಿಸಿದರೆ ಒಂದು ವ್ಯತ್ಯಾಸ ಎದ್ದು ಕಾಣುತ್ತದೆ. ಅಲ್ಲಿ ಎಂಜಿನಿಯರಿಗೂ ಕ್ಯಾಂಟೀನಿನವನಿಗೂ ಬಹುಮಟ್ಟಿಗೆ ಒಬ್ಬನೇ ಮಾಲೀಕನಿದ್ದ. ಇಲ್ಲಿ ಎಂಜಿನಿಯರ್ ಕಂಪನಿಯ ನೌಕರ. ಅದೇ ಕಟ್ಟಡದ ಕಾವಲುಗಾರ, ಕಸ ಗುಡಿಸುವವಳು, ಕ್ಯಾಬ್ ಚಾಲಕ ಮೂವರೂ ಬೇರೆ ಬೇರೆ ಏಜೆನ್ಸಿಗಳ ಕಡೆಯವರು. ಒಂದೇ ಗೇಟಿನಲ್ಲಿ ಒಳಹೋದರೂ ಒಂದೇ ಏಣಿಯಲ್ಲಿ ಅವರಿಲ್ಲ.

ಮನೆ ಮತ್ತು ಓಡಾಟಗಳನ್ನು ಬಿಟ್ಟು ಅವಕಾಶದ ಚರ್ಚೆ ಪೂರ್ಣವಾಗುವುದಿಲ್ಲ. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಅವರು ಹಳ್ಳಿಯನ್ನು ಅಜ್ಞಾನ, ಸಂಕುಚಿತತೆ ಮತ್ತು ಕೋಮುಭಾವನೆಯ ನೆಲೆಯೆಂದು ಕಟುವಾಗಿ ಟೀಕಿಸಿದ್ದರು. ಹಳ್ಳಿ ಬಿಟ್ಟು ಬಂದ ದಲಿತ ಯುವಕನಿಗೆ ಬೆಂಗಳೂರಿನ ಕಚೇರಿಯಲ್ಲಿ ಕುರ್ಚಿ ಸಿಗುತ್ತದೆ, ದರ್ಶಿನಿಯಲ್ಲಿ ಎಲ್ಲರ ಪಕ್ಕ ನಿಂತು ಕಾಫಿ ಕುಡಿಯಬಹುದು. ಆದರೆ ಬಾಡಿಗೆ ಮನೆ ನೋಡಲು ಹೋದಾಗ ‘ನೀವು ಯಾವ ಪೈಕಿ?’ ಎಂಬ ಪ್ರಶ್ನೆ ಎದುರಾಗುತ್ತದೆ, ಇಲ್ಲವೇ ಸಸ್ಯಾಹಾರಿಗಳಿಗೆ ಮಾತ್ರ ಎಂಬ ಬೋರ್ಡು ಆ ಪ್ರಶ್ನೆಯ ಕೆಲಸವನ್ನು ಮಾಡುತ್ತದೆ. ಕೆಲಸದ ಜಾಗ ಬದಲಾದಷ್ಟು ಬೇಗ ವಾಸದ ಜಾಗ ಬದಲಾಗಿಲ್ಲ. ಯಾದಗಿರಿ, ರಾಯಚೂರುಗಳಿಂದ ಗುಳೆ ಬಂದು ಕಟ್ಟಡ ಕಟ್ಟುವವರ ಸ್ಥಿತಿ ಇನ್ನೂ ಕಷ್ಟದ್ದು. ತಗಡಿನ ಶೆಡ್ಡಿನಲ್ಲಿ ವಾಸ, ಕಟ್ಟಡ ಮುಗಿದರೆ ಶೆಡ್ಡೂ ಬೇರೆಡೆಗೆ, ಮಕ್ಕಳ ಶಾಲೆ ಅಲ್ಲಿಗೆ ನಿಂತಂತೆ. ಮತದಾರರ ಪಟ್ಟಿಯಲ್ಲಿ ಹೆಸರು ಊರಿನಲ್ಲೇ ಇರುವುದರಿಂದ ನಗರದ ಯಾವ ಜನಪ್ರತಿನಿಧಿಗೂ ಇವರು ಲೆಕ್ಕಕ್ಕಿಲ್ಲ.

ಓಡಾಟದ ವಿಷಯದಲ್ಲಿ 2023ರ ಜೂನ್ 11ರಂದು ಜಾರಿಗೆ ಬಂದ, ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಉಚಿತ ಪ್ರಯಾಣ ಕೊಡುವ ಶಕ್ತಿ ಯೋಜನೆಯನ್ನು ಕೇವಲ ಉಚಿತ ಕೊಡುಗೆಯೆಂದು ಓದಬಾರದು. ಬಸ್ಸಿನ ಖರ್ಚನ್ನು ಲೆಕ್ಕ ಹಾಕಿ, ನಡೆದು ಹೋಗುವಷ್ಟು ಹತ್ತಿರದ ಕೆಲಸವನ್ನೇ ಹಿಡಿಯಬೇಕಾಗಿದ್ದ ಹೆಂಗಸಿಗೆ ಅದು ಆಯ್ಕೆಯ ವ್ಯಾಪ್ತಿಯನ್ನು ಹಿಗ್ಗಿಸುತ್ತದೆ. 2025ರ ಆಗಸ್ಟಿನಲ್ಲಿ ಬೊಮ್ಮಸಂದ್ರದವರೆಗೆ ಆರಂಭವಾದ ಮೆಟ್ರೊದ ಹಳದಿ ಮಾರ್ಗ ಎಲೆಕ್ಟ್ರಾನಿಕ್ ಸಿಟಿಯನ್ನು ಹಾದುಹೋಗುತ್ತದೆ. ಆದರೆ ಶಕ್ತಿಯ ಸೌಲಭ್ಯ ಮೆಟ್ರೊಗೆ ಇಲ್ಲ.

ಕೊನೆಯದಾಗಿ, ಊಟ ಮತ್ತು ಸಾಮಾನು ತಲುಪಿಸುವ, ಆ್ಯಪ್ ಮೂಲಕ ಬಾಡಿಗೆ ಓಡಿಸುವ ಯುವಕರ ಕೆಲಸ. ಇದಕ್ಕೆ ಬಾಗಿಲೇ ಇಲ್ಲ ಎನ್ನಬಹುದು. ಬೈಕು, ಫೋನು, ಲೈಸೆನ್ಸ್ ಇದ್ದರೆ ಶಿಫಾರಸಿಲ್ಲದೆ ಸೇರಬಹುದು. ಹೊರಗೆ ಹಾಕುವಾಗಲೂ ಅಷ್ಟೇ ಸುಲಭ, ಐಡಿ ಬ್ಲಾಕ್ ಆದರೆ ಮುಗಿಯಿತು. ಕರ್ನಾಟಕವು 2025ರಲ್ಲಿ ಇವರಿಗಾಗಿ ಪ್ರತ್ಯೇಕ ಕಾನೂನು ಮಾಡಿ, ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಸಲ್ಲುವ ಮೊತ್ತದ ಶೇ. 1ರಿಂದ 5ರವರೆಗಿನ ಶುಲ್ಕವನ್ನು ಕಂಪನಿಗಳಿಂದ ಕಲ್ಯಾಣ ನಿಧಿಗೆ ಪಡೆಯುವ ವ್ಯವಸ್ಥೆ ಮಾಡಿದೆ. ಕಾರಣ ತಿಳಿಸದೆ ಕೆಲಸದಿಂದ ತೆಗೆಯುವುದಕ್ಕೂ ಕಡಿವಾಣ ಹಾಕಿದೆ. ಆದರೆ ಈ ಕಾನೂನು ಇವರನ್ನು ಕಂಪನಿಯ ನೌಕರರೆಂದು ಘೋಷಿಸುವುದಿಲ್ಲ. ಹಾಗಾಗಿ ಹೊಸೂರು ರಸ್ತೆಯ ಹೆಂಗಸರು ಯಾವ ಹಣಕ್ಕಾಗಿ ಬೀದಿಗೆ ಇಳಿದರೋ, ಆ ಪಿಎಫ್ ಖಾತೆ ಅದೇ ರಸ್ತೆಯಲ್ಲಿ ಊಟದ ಚೀಲ ಹೊತ್ತು ಓಡಾಡುವ ಹುಡುಗನಿಗೆ ಈ ಕೆಲಸದಿಂದ ದೊರೆಯುವುದಿಲ್ಲ.