ಹಿಮೋಗ್ಲೋಬಿನ್ ಅರ್ಧವೇ ಕಾಣುತ್ತಿದೆ, ಉಳಿದರ್ಧ ಎಲ್ಲಿ?

ಪ್ರಶ್ನೆ: ಸರ್, ಹಿಮೋಗ್ಲೋಬಿನ್‌ಗೆ ನಾಲ್ಕು ಸರಪಳಿ ಎಂದು ಓದಿದ್ದೇನೆ. ಪ್ರೊಟೀನ್ ರಚನೆಗಳ ಭಂಡಾರವಾದ ಪ್ರೊಟೀನ್ ಡೇಟಾ ಬ್ಯಾಂಕ್‌ನಿಂದ 1ಎಚ್‌ಎಚ್‌ಒ ಫೈಲ್ ಇಳಿಸಿಕೊಂಡು, ಅಣುಗಳನ್ನು ತೋರಿಸುವ ತಂತ್ರಾಂಶವಾದ ಪೈಮಾಲ್‌ನಲ್ಲಿ ತೆರೆದರೆ ಎರಡೇ ಕಾಣುತ್ತವೆ. ಫೈಲ್ ಕೆಟ್ಟಿದೆಯೇ? ಇರುವುದನ್ನೇ ಕಾಪಿ ಮಾಡಿ ಪಕ್ಕಕ್ಕೆ ಕೂಡಿಸಿದರೆ ನಡೆಯುತ್ತದೆಯೇ?
ಎಂ.ಎಸ್‌ಸಿ. ವಿದ್ಯಾರ್ಥಿನಿ, ಬೀದರ್

ಫೈಲ್ ಸರಿಯಾಗಿಯೇ ಇದೆ. ಕೈಯಿಂದ ಮಾತ್ರ ಕೂಡಿಸಬೇಡಿ.

ನಿಮ್ಮೂರಿನ ಮಹಮೂದ್ ಗವಾನ್ ಮದರಸಾದ ಎದುರು ನಿಂತರೆ ಒಂದೇ ಮಿನಾರು ಕಾಣುತ್ತದೆ. ಅದರ ಜೋಡಿ ಬಿದ್ದುಹೋಗಿದೆ, ಅದು ಹೇಗಿತ್ತೆಂದು ಉಳಿದದ್ದನ್ನು ನೋಡಿ ಊಹಿಸಬೇಕು. ನಿಮ್ಮ ಫೈಲಿನಲ್ಲಿ ಊಹೆಗೆ ಕೆಲಸವಿಲ್ಲ. ಉಳಿದರ್ಧ ಎಲ್ಲಿ, ಎತ್ತ ತಿರುಗಿ ನಿಲ್ಲಬೇಕೆಂದು ಅದರಲ್ಲೇ ಬರೆದಿದೆ.

ಈ ರಚನೆಯನ್ನು ಪ್ರೊಟೀನಿನ ಹರಳಿಗೆ ಎಕ್ಸ್-ರೇ ಹಾಯಿಸಿ ಕಂಡುಕೊಂಡದ್ದು. ಹರಳಿನೊಳಗೆ ಒಂದೇ ತುಣುಕು ತಿರುಗುತ್ತ, ಸರಿಯುತ್ತ ಮತ್ತೆ ಮತ್ತೆ ಬರುತ್ತದೆ. ಹಾಗಾಗಿ ಆ ಒಂದು ತುಣುಕಿನ ಪರಮಾಣುಗಳನ್ನಷ್ಟೇ ದಾಖಲಿಸುತ್ತಾರೆ. 1ಎಚ್‌ಎಚ್‌ಒದಲ್ಲಿ ಆ ತುಣುಕೆಂದರೆ ಒಂದು ಆಲ್ಫಾ, ಒಂದು ಬೀಟಾ ಸರಪಳಿ; ಇದು ಆಮ್ಲಜನಕ ಹಿಡಿದ ಹಿಮೋಗ್ಲೋಬಿನ್. ಆಮ್ಲಜನಕ ಬಿಟ್ಟುಕೊಟ್ಟ ಹಿಮೋಗ್ಲೋಬಿನ್ 2ಎಚ್‌ಎಚ್‌ಬಿಯಲ್ಲಿ ನಾಲ್ಕೂ ಸಿಗುತ್ತವೆ. 1ಎಚ್‌ವಿ4ರಲ್ಲಂತೂ ಎಂಟು. ಅದು ಚಳಿಗಾಲಕ್ಕೆ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತಿನ ಹಿಮೋಗ್ಲೋಬಿನ್!

ಪಿಡಿಬಿ (ಪ್ರೊಟೀನ್ ಡೇಟಾ ಬ್ಯಾಂಕ್) ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು 'ರಿಮಾರ್ಕ್ 350' ಹುಡುಕಿ. ಮೂರು ಮೂರು ಸಾಲಿನ ಎರಡು ಗುಂಪು ಕಾಣುತ್ತವೆ. ಮೊದಲನೆಯದರಲ್ಲಿ ಕರ್ಣದ ಉದ್ದಕ್ಕೂ 1, ಮಿಕ್ಕೆಲ್ಲ ಸೊನ್ನೆ: ಇದ್ದಲ್ಲೇ ಇರಲಿ ಎಂದರ್ಥ. ಎರಡನೆಯದು ಪ್ರತಿಯನ್ನು ಎಷ್ಟು ತಿರುಗಿಸಿ ಎಲ್ಲಿಡಬೇಕೆಂದು ಹೇಳುತ್ತದೆ. ಆ ಲೆಕ್ಕ ಮಾಡಿ ಮುಗಿಸಿದ ಫೈಲನ್ನೇ ತರಿಸಬಹುದು. ಪೈಮಾಲ್‌ನ ಫೆಚ್ ಆದೇಶದಲ್ಲಿ ಟೈಪ್ ಎಂಬಲ್ಲಿ ಪಿಡಿಬಿ1 ಎಂದು ಕೊಡಿ.

ಆಗಲೂ ತೆರೆಯ ಮೇಲೆ ಅರ್ಧವೇ ಬರುತ್ತದೆ, ಗಾಬರಿಯಾಗಬೇಡಿ. ಎರಡು ಅರ್ಧಗಳು ಎರಡು 'ಸ್ಟೇಟ್'ಗಳಾಗಿ, ಒಂದರ ಹಿಂದೆ ಇನ್ನೊಂದಾಗಿ ಕೂತಿರುತ್ತವೆ. ಬರೀ ನೋಡುವುದಕ್ಕಾದರೆ ಆಲ್-ಸ್ಟೇಟ್ಸ್ ಆನ್ ಮಾಡಿದರೆ ಸಾಕು. ತಿದ್ದುವುದಿದ್ದರೆ ಸ್ಪ್ಲಿಟ್-ಸ್ಟೇಟ್ಸ್ ಕೊಟ್ಟು ಬೇರ್ಪಡಿಸಿ. ಎರಡು ಕಡೆಯೂ ಸರಪಳಿಗಳ ಹೆಸರು ಎ, ಬಿ ಎಂದೇ ಇರುವುದರಿಂದ ಎರಡನೆಯ ಜೋಡಿಗೆ ಸಿ, ಡಿ ಎಂದು ಹೆಸರು ಬದಲಿಸಿದ ಮೇಲೆಯೇ ಸೇವ್ ಮಾಡಿ. ಇದನ್ನು ಮರೆತರೆ, ಸಿಕಲ್ ಸೆಲ್ ರಕ್ತಹೀನತೆ ತರುವ ಬದಲಾವಣೆ ತೋರಿಸಲು ಬೀಟಾದ 6ನೆಯ ಅಮೈನೋ ಆಮ್ಲ ಗ್ಲುಟಮೇಟನ್ನು ವ್ಯಾಲೀನ್ ಮಾಡಲು ಹೋದಾಗ ಯಾವ ಬೀಟಾ ಬದಲಾಯಿತು, ಯಾವುದು ಉಳಿಯಿತು ಎಂದೇ ತಿಳಿಯುವುದಿಲ್ಲ. ಬಿ, ಡಿ ಎರಡರಲ್ಲೂ ಬದಲಿಸಬೇಕು.

ಇನ್ನು ಕೈಯಿಂದ ಕೂಡಿಸುವ ಮಾತು. ಒಂದು ಹೈಡ್ರೋಜನ್ ಬಂಧದ ಅಂತರ ಸುಮಾರು 3 ಆಂಗ್‌ಸ್ಟ್ರಮ್ (ಒಂದು ಆಂಗ್‌ಸ್ಟ್ರಮ್ ಎಂದರೆ ಮಿಲಿಮೀಟರಿನ ಕೋಟಿಯಲ್ಲಿ ಒಂದು ಪಾಲು). ಮೌಸ್ ತುಸು ಅಲುಗಿದರೂ ಬಂಧಗಳು ಬಿಟ್ಟುಹೋಗುತ್ತವೆ, ಇಲ್ಲವೇ ಪರಮಾಣುಗಳು ಒಂದರೊಳಗೊಂದು ಹೊಕ್ಕು ಕೂರುತ್ತವೆ. ಹಿಮೋಗ್ಲೋಬಿನ್ನಿನ ನಿಜವಾದ ಕೆಲಸ ನಡೆಯುವುದೂ ಆ ಎರಡು ಅರ್ಧಗಳು ಕೂಡುವ ಜಾಗದಲ್ಲೇ. ಆಮ್ಲಜನಕ ಹಿಡಿದಾಗ ಒಂದು ಅರ್ಧ ಇನ್ನೊಂದರ ಎದುರು ಸುಮಾರು 15 ಡಿಗ್ರಿ ತಿರುಗುತ್ತದೆ, ಬೀಟಾಗಳ ನಡುವಿನ ಸಂದು ಕಿರಿದಾಗುತ್ತದೆ. ಇದನ್ನು ನೀವೇ ನೋಡಬಹುದು: ಪೂರ್ಣಗೊಂಡ ನಿಮ್ಮ ರಚನೆಯ ಜತೆ 2ಎಚ್‌ಎಚ್‌ಬಿ ತೆರೆದು, ಎ ಮತ್ತು ಬಿ ಸರಪಳಿಗಳನ್ನಷ್ಟೇ ಅಲೈನ್ ಮಾಡಿ (ಒಂದರ ಮೇಲೊಂದು ಹೊಂದಿಸಿ), ಸಿ ಮತ್ತು ಡಿ ಎಷ್ಟು ಸರಿದು ನಿಂತಿವೆ ಎಂದು ಗಮನಿಸಿ.