ಹಣ್ಣುನೊಣದ ಎರಡು ಜೀನ್ ಹೆಸರು: ಒಂದೇನಾ, ಬೇರೆನಾ?

ಮೊದಲು ಫ್ಲೈಬೇಸ್, ಅಂದರೆ ಹಣ್ಣುನೊಣದ ಜೀನ್‌ಗಳ ಡೇಟಾಬೇಸ್. ಎರಡೂ ಹೆಸರು ಹುಡುಕಿ, ಎಫ್‌ಬಿಜಿಎನ್ ಎಂದು ಶುರುವಾಗುವ ಏಳಂಕಿಯ ಸಂಖ್ಯೆ ಹೋಲಿಸಿ. ಹಳೆಯ ಪ್ರಬಂಧದಲ್ಲಿ ಸಂಖ್ಯೆ ಬೇರೆ ಕಂಡರೆ ದುಡುಕಬೇಡಿ. ಜೀನ್‌ಗಳು ವಿಲೀನವಾದಾಗ ಹಳೆಯದು ದ್ವಿತೀಯ ಸಂಖ್ಯೆಯಾಗಿ ಉಳಿದಿರುತ್ತದೆ. ಜೀನಿನ ಇಂಗ್ಲಿಷ್ ಸಂಕೇತದಲ್ಲಿ ಅಕ್ಷರದ ಗಾತ್ರವೂ ಮುಖ್ಯ. ಡಿ, ಎಲ್ ಎರಡೂ ಸಣ್ಣಕ್ಷರವಾದರೆ ಡಾರ್ಸಲ್, ಎರಡನೇ ವರ್ಣತಂತು. ಡಿ ದೊಡ್ಡದಾದರೆ ಡೆಲ್ಟಾ, ಮೂರನೆಯದು.

ನೋಟ ಒಂದೇ ಎಂದು ಜೀನ್ ಒಂದೇ ಅಲ್ಲ. ವರ್ಮಿಲಿಯನ್, ಸಿನಬಾರ್ ಎರಡು ಜೀನ್‌ಗಳ ಮ್ಯುಟೇಶನ್‌ನಲ್ಲೂ ಕಣ್ಣು ಹೊಳೆಯುವ ಕೆಂಪು. ಆದರೆ ಮೊದಲನೆಯದು ಎಕ್ಸ್ ಮೇಲೆ, ಇನ್ನೊಂದು ಎರಡನೇ ವರ್ಣತಂತಿನ ಮೇಲೆ.

ಡೇಟಾಬೇಸ್ ಕೈಕೊಟ್ಟರೆ ಪೂರಕತಾ ಪರೀಕ್ಷೆ: ಎರಡು ಮ್ಯುಟೇಶನ್‌ಗಳ ನೊಣಗಳನ್ನು ಕೂಡಿಸಿ, ಎರಡನ್ನೂ ಹೊತ್ತ ಮರಿ ಸರಿಯಾಗಿರುತ್ತದೆಯೇ ನೋಡುವುದು. ಸರಿಯಿದ್ದರೆ ಜೀನ್ ಬೇರೆ. ಎರಡೂ ಮ್ಯುಟೇಶನ್ ಅಪ್ರಬಲವಾಗಿರಲೇಬೇಕು. ಪ್ರಬಲವಾದರೆ ಈ ಪರೀಕ್ಷೆ ಏನನ್ನೂ ಹೇಳದು. ಎರಡನೇ ವರ್ಣತಂತಿನ ಮಾರಕ ಮ್ಯುಟೇಶನ್‌ಗಳನ್ನು ಸೈಒ ಬ್ಯಾಲೆನ್ಸರ್ (ಮರುಸಂಯೋಜನೆ ತಡೆಯುವ, ರೆಕ್ಕೆಯನ್ನು ಸುರುಳಿ ಮಾಡುವ ವಿಶೇಷ ವರ್ಣತಂತು) ಜೊತೆ ಇಟ್ಟಿರುತ್ತಾರೆ. ಎಡವುವುದು ಎಣಿಕೆಯಲ್ಲೇ, ಹಾಗಾಗಿ ನಿಧಾನವಾಗಿ ನೋಡೋಣ. ಮ೧, ಮ೨ ನಿಮ್ಮ ಎರಡು ಮ್ಯುಟೇಶನ್‌ಗಳು ಎನ್ನೋಣ. ಮ೧/ಸೈಒ ಹೆಣ್ಣು, ಮ೨/ಸೈಒ ಗಂಡು. ಸಂತತಿ ನಾಲ್ಕು ಬಗೆ, ತಲಾ ಕಾಲು ಭಾಗ: ಮ೧/ಮ೨, ಮ೧/ಸೈಒ, ಮ೨/ಸೈಒ, ಸೈಒ/ಸೈಒ. ಕೊನೆಯದು ಸತ್ತುಹೋಗುತ್ತದೆ. ಬಾಟಲಿಯಲ್ಲಿ ಕಾಣುವುದು ಮೂರೇ ಬಗೆ. ಆದ್ದರಿಂದ ಜೀನ್ ಬೇರೆಯಾದರೆ ನೇರ ರೆಕ್ಕೆಯವು (ಅಂದರೆ ಸೈಒ ಇಲ್ಲದ ಮ೧/ಮ೨) ನಾಲ್ಕರಲ್ಲಿ ಒಂದಲ್ಲ, ಮೂರರಲ್ಲಿ ಒಂದು. ನೇರ ರೆಕ್ಕೆ ಒಂದೂ ಇಲ್ಲದಿದ್ದರೆ ಜೀನ್ ಒಂದೇ ಎಂಬ ಅನುಮಾನ. ಐದೇ ನೊಣ ಎಣಿಸಿ ತೀರ್ಮಾನಿಸಬೇಡಿ: ಜೀನ್ ಬೇರೆಯಿದ್ದರೂ ಐದರಲ್ಲಿ ಸೊನ್ನೆ ಬರುವ ಸಾಧ್ಯತೆ 13%. ಇಪ್ಪತ್ತಕ್ಕೆ ಅದು 0.03%ಗೆ ಇಳಿಯುತ್ತದೆ.

ಸುಳ್ಳು ಸೊನ್ನೆಗೆ ಮೊದಲ ಕಾರಣ ಕನ್ಯೆಯಲ್ಲದ ಹೆಣ್ಣು. ತನ್ನದೇ ಸ್ಟಾಕಿನ (ಪ್ರಯೋಗಾಲಯದಲ್ಲಿ ಸಾಕಿದ ತಳಿಯ) ಗಂಡಿನೊಂದಿಗೆ ಮೊದಲೇ ಕೂಡಿದ್ದರೆ ಮರಿಗಳೆಲ್ಲ ಸುರುಳಿ ರೆಕ್ಕೆಯವೇ. 25 ಡಿಗ್ರಿಯಲ್ಲಿ ಕೋಶದಿಂದ ಹೊರಬಂದ ಎಂಟು ಗಂಟೆಯೊಳಗೆ ಹೆಣ್ಣುಗಳನ್ನು ಬೇರ್ಪಡಿಸಿ. 18 ಡಿಗ್ರಿಯಲ್ಲಿ ಸಾಕಿದರೆ ತಿರುಗುಬಾಣ: ಸೈಒ ಸುರುಳಿ ಮಂಕಾಗಿ ರೆಕ್ಕೆ ನೇರವಾಗಿ ಕಾಣಬಹುದು, ಜೀನ್ ಬೇರೆ ಎಂದು ಮೋಸಹೋಗುತ್ತೀರಿ.

ಇನ್ನೂ ಕೆಟ್ಟದ್ದು ಬೆನ್ನಹಿಂದಿನ ಮಾರಕ, ಅಂದರೆ ಅದೇ ವರ್ಣತಂತಿನಲ್ಲಿ ಅಡಗಿದ ಇನ್ನೊಂದು ಮಾರಕ ಮ್ಯುಟೇಶನ್. ಲೆಥಲ್ ಜೈಂಟ್ ಲಾರ್ವೆ ಜೀನಿನ ಮ್ಯುಟೇಶನ್ ಎರಡನೇ ವರ್ಣತಂತಿನ ಎಡತೋಳಿನ ತುದಿಯಲ್ಲಿ ಬಹಳ ಸ್ಟಾಕುಗಳಲ್ಲಿ ಸದ್ದಿಲ್ಲದೆ ಕೂತಿರುತ್ತದೆ. ಎರಡೂ ಸ್ಟಾಕುಗಳಲ್ಲಿ ಅದಿದ್ದರೆ ಮ೧/ಮ೨ ಸಾಯುವುದು ಅದರಿಂದ, ನಿಮ್ಮ ಜೀನಿನಿಂದಲ್ಲ. ಹಾಗಾಗಿ ಮ೧, ಮ೨ ಎರಡನ್ನೂ ನಿಮ್ಮ ಜೀನನ್ನು ಮಾತ್ರ ಅಳಿಸಿದ ಚಿಕ್ಕ ಡಿಫಿಷಿಯನ್ಸಿ (ಒಂದು ತುಂಡು ಇಲ್ಲದ ವರ್ಣತಂತು) ಜೊತೆ ಬೇರೆಬೇರೆಯಾಗಿ ದಾಟಿಸಿ. ಎರಡೂ ಅಲ್ಲಿಯೇ ಸತ್ತರೆ ಜೀನ್ ಒಂದೇ ಎನ್ನಲು ಧೈರ್ಯ ಬರುತ್ತದೆ. ಎಡತೋಳಿನ ತುದಿಯನ್ನು ಅಳಿಸಿದ ಡಿಫಿಷಿಯನ್ಸಿಯ ಜೊತೆಗೂ ಸತ್ತರೆ ಮೊದಲು ಮರುಸಂಯೋಜನೆಯಿಂದ (ಜೋಡಿ ವರ್ಣತಂತುಗಳ ನಡುವೆ ತುಂಡುಗಳ ಅದಲುಬದಲು) ಆ ಮಾರಕವನ್ನು ತೆಗೆದು ವರ್ಣತಂತು ಶುಚಿ ಮಾಡಿ, ಆಮೇಲೆ ಎಣಿಸಿ.